ನಾಲ್ಕು ಜನರ ಕಿವಿಗೆ ಬಿದ್ದ ಬೆಲೆ

ಒಬ್ಬರು ನಂಜನಗೂಡಿನವರು, ಮಾರುಕಟ್ಟೆ ಅಂಗಳದಲ್ಲಿ ಹರಾಜು ಕೂಗುತ್ತಲೇ ವಯಸ್ಸು ಕಳೆದವರು. ಇನ್ನೊಬ್ಬಳು ಅವರ ತಮ್ಮನ ಮಗಳು, ತಿ. ನರಸೀಪುರದ ಕಡೆ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವವಳು. ಹಳ್ಳಿಯ ಬೆವರಿಗೆ ಬೆಲೆ ಕಟ್ಟುವುದು ಯಾರು, ಹೇಗೆ ಎಂಬ ಬಗ್ಗೆ ಇಬ್ಬರ ನಡುವೆ ನಡೆದ ಮಾತು ಇದು.

ಮಗಳು: ದೊಡ್ಡಪ್ಪ, ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಈಗ ಇ-ಹರಾಜು. ನಮ್ಮ ಗೂಡಿಗೆ ಒಂದು ಲಾಟ್ ನಂಬರು ಕೊಡ್ತಾರೆ, ನೂಲು ತೆಗೆಯೋ ರೀಲರುಗಳು ಫೋನಿನಲ್ಲೇ ಬೆಲೆ ಒತ್ತುತ್ತಾರೆ, ಪರದೆ ಮೇಲೆ ಅಂಕಿ ಬರುತ್ತೆ. ಕೂಗೋ ಮನುಷ್ಯನ ಕೆಲಸ ಮುಗೀತು ಅನ್ನಿಸುತ್ತೆ. ನೀವು ಮಾತ್ರ ಹರಾಜು ಕೂಗುವವನಿಲ್ಲದೆ ಹಳ್ಳಿ ವ್ಯವಹಾರ ನಿಲ್ಲಲ್ಲ ಅಂತೀರಿ.

ದೊಡ್ಡಪ್ಪ: ನಾನು ಗಂಟಲಿನ ಬಗ್ಗೆ ಹೇಳ್ತಿಲ್ಲ ಕಣವ್ವ. ಆ ಕೆಲಸದಲ್ಲಿ ಕೂಗೋದು ಒಂದು ಪಾಲು ಅಷ್ಟೆ. ಮೊದಲು ರಾಶಿ ನೋಡಬೇಕು, ಮಾಲನ್ನು ಕೈಯಲ್ಲಿ ಹಿಡಿಯಬೇಕು, ನಿನ್ನೆ ಇಂಥದ್ದೇ ಮಾಲು ಏನು ಬೆಲೆಗೆ ಹೋಯ್ತು ಅನ್ನೋದು ತಲೆಯಲ್ಲಿರಬೇಕು. ಆಗ ಮಾತ್ರ ಸವಾಲು ಎಲ್ಲಿಂದ ಎತ್ತಬೇಕು ಅಂತ ಗೊತ್ತಾಗುತ್ತೆ. ತೀರಾ ಕೆಳಗಿಂದ ಎತ್ತಿದರೆ ಕೊಳ್ಳೋರು ಅಲ್ಲೇ ಕೂತುಬಿಡ್ತಾರೆ. ತೀರಾ ಮೇಲಿಂದ ಎತ್ತಿದರೆ ಯಾರೂ ಬಾಯಿ ಬಿಡಲ್ಲ. ಆಮೇಲೆ ಕಣ್ಣು ಚುರುಕಾಗಿರಬೇಕು. ಮುಂದೆ ನಿಂತ ದೊಡ್ಡ ವ್ಯಾಪಾರಿಯ ದನಿ ಎಲ್ಲರಿಗೂ ಕೇಳುತ್ತೆ. ಹಿಂದೆ ನಿಂತ ಸಣ್ಣವನು ಬೆರಳೆತ್ತಿದ್ದು ಹರಾಜು ಕೂಗುವವನಿಗೆ ಕಾಣಲಿಲ್ಲ ಅಂದರೆ ಆ ಬೆಲೆ ಹುಟ್ಟಲೇ ಇಲ್ಲ ಅಂತ ಲೆಕ್ಕ.

ಮಗಳು: ಒಂದು ಸಾರಿ, ಎರಡು ಸಾರಿ ಅಂದು ಮೂರನೇ ಸಾರಿ ಅನ್ನೋಕೆ ಮುಂಚೆ ತಡೀತಾರಲ್ಲ, ಅದೂ ಅಷ್ಟೇ ಮುಖ್ಯವಾ?

ದೊಡ್ಡಪ್ಪ: ಎಲ್ಲಕ್ಕಿಂತ ಮುಖ್ಯ. ಅವಸರ ಮಾಡಿದರೆ ಕೊಳ್ಳೋನಿಗೆ ಲಾಭ, ಅತಿಯಾಗಿ ಎಳೆದರೆ ಸಭೆಗೆ ಬೇಸರ. ಹದ ತಿಳಿದವನು ಅಲ್ಲಿ ನಿಲ್ಲಿಸಿ ಇನ್ನೊಂದು ಬೆಲೆ ಹುಟ್ಟಿಸ್ತಾನೆ. ಬೆಲೆ ನಿಂತ ಮೇಲೆ ರೈತನ ಕಡೆ ತಿರುಗಿ "ಒಪ್ಪಿಗೆಯಾ?" ಅಂತ ಕೇಳಬೇಕು. ಆ ಪ್ರಶ್ನೆ ಕೇಳದೆ ಚೀಟಿ ಬರೆದರೆ ಅದು ಮಾರಾಟ ಅಲ್ಲ, ಕಿತ್ತುಕೊಂಡ ಹಾಗೆ.

ಮಗಳು: ಈ ಕೆಲಸ ನಮ್ಮ ಕಡೆ ಯಾವಾಗಿನಿಂದ ಹೀಗೆ ನಡೀತಿದೆ? ಅಜ್ಜನ ಕಾಲದಲ್ಲಿ ದನ ಮಾರೋದು, ಕಾಳು ಮಾರೋದು ಬೇರೆ ಥರ ಇತ್ತು ಅಂತ ಅಪ್ಪ ಹೇಳ್ತಿದ್ದರು.

ದೊಡ್ಡಪ್ಪ: ನಿಮ್ಮ ತಾಲ್ಲೂಕಿನ ಮುಡುಕುತೊರೆ ಜಾತ್ರೆಗೆ ಹೋದರೆ ಆ ಹಳೇ ಕ್ರಮ ಈಗಲೂ ಅರ್ಥವಾಗುತ್ತೆ. ಮಲ್ಲಿಕಾರ್ಜುನಸ್ವಾಮಿ ಬೆಟ್ಟದ ತಪ್ಪಲಲ್ಲಿ ದನಗಳ ಜಾತ್ರೆ ಸೇರಿದಾಗ ದಲ್ಲಾಳಿ ಟವೆಲ್ ಹೊದಿಸಿ ಅದರ ಕೆಳಗೆ ಬೆರಳು ಹಿಡಿದು ಬೆಲೆ ಹೇಳ್ತಾನೆ. ಕೊಳ್ಳೋನಿಗೆ ಒಂದು, ಮಾರೋನಿಗೆ ಒಂದು. ಪಕ್ಕದಲ್ಲಿ ನಿಂತವನಿಗೆ ಯಾವ ಎತ್ತು ಎಷ್ಟಕ್ಕೆ ಹೋಯ್ತು ಅಂತ ತಿಳಿಯೋದೇ ಇಲ್ಲ. ಒಂದು ಕಾಲಕ್ಕೆ ದೇಶದ ಎಷ್ಟೋ ಮಂಡಿಗಳಲ್ಲಿ ದವಸವನ್ನೂ ಹೀಗೇ ಬಟ್ಟೆಯ ಕೆಳಗೆ ಮಾರ್ತಿದ್ದರು. ನಿಯಂತ್ರಿತ ಮಾರುಕಟ್ಟೆಗಳು ಬೇಕು ಅಂತ 1928ರಲ್ಲಿ ರಾಯಲ್ ಕೃಷಿ ಆಯೋಗ ಶಿಫಾರಸು ಮಾಡಿತು. ಮೈಸೂರು ಸಂಸ್ಥಾನ 1939ರಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ತಂದಿತು. ಇವತ್ತಿನ ಎಪಿಎಂಸಿಗಳು ನಿಂತಿರೋದು 1966ರ ಕಾಯ್ದೆ ಮೇಲೆ. ಇಷ್ಟೆಲ್ಲ ಕಾಯ್ದೆಗಳ ಬೆನ್ನಲ್ಲಿ ಇದ್ದ ಆಸೆ ಒಂದೇ: ಬೆಲೆ ಟವೆಲ್ ಕೆಳಗಿಂದ ಹೊರಗೆ ಬರಬೇಕು, ನಾಲ್ಕು ಜನರ ಕಿವಿಗೆ ಬೀಳಬೇಕು.

ಮಗಳು: ಕಿವಿಗೆ ಬಿದ್ದ ಮಾತ್ರಕ್ಕೆ ನ್ಯಾಯ ಸಿಕ್ಕಿತಾ? ಐದಾರು ಜನ ವ್ಯಾಪಾರಿಗಳು ಟೀ ಅಂಗಡಿಯಲ್ಲೇ ಮಾತಾಡಿಕೊಂಡು ಬಂದಿರ್ತಾರೆ. ಇವತ್ತಿನ ಮಾಲು ನಿನಗೆ, ನಾಳೆದು ನನಗೆ. ಅಂಗಳದಲ್ಲಿ ಕೂಗು ಜೋರಾಗಿ ನಡೆಯುತ್ತೆ, ಬೆಲೆ ಮಾತ್ರ ಅಲ್ಲೇ ನಿಂತಿರುತ್ತೆ. ಆಗ ಹರಾಜು ಅನ್ನೋದು ಮೋಸಕ್ಕೆ ಹಾಕಿದ ಮುದ್ರೆ ಆಗಲ್ಲವಾ?

ದೊಡ್ಡಪ್ಪ: ಆಗುತ್ತೆ. ನೀನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಕೊಳ್ಳೋರು ಕಡಿಮೆ ಇದ್ದಷ್ಟೂ ಒಳಒಪ್ಪಂದ ಸುಲಭ. ಅದಕ್ಕೇ ನಾನು ಹೇಳೋದು, ಹರಾಜು ನಡೆಸೋನು ಯಾರ ಆಳು ಅನ್ನೋದು ಮೊದಲ ಪ್ರಶ್ನೆ. ಮಂಡಿಯವನ ಕೈಕೆಳಗೆ ಇರೋನು ಮಂಡಿಯವನಿಗೇ ಕೂಗ್ತಾನೆ. ಕಮಿಷನ್ನನ್ನು ರೈತನಿಂದ ಮುರಿಯಬಾರದು, ಕೊಳ್ಳೋನಿಂದ ತಗೋಬೇಕು ಅಂತ ನಮ್ಮ ಕಾಯ್ದೆ ಹೇಳುತ್ತೆ. ಆದರೂ ತರಕಾರಿ ಮಾರುಕಟ್ಟೆಗಳಲ್ಲಿ ಬಿಳಿ ಚೀಟಿ ಮೇಲೆ ಲೆಕ್ಕ ಬರೆದು, ತೂಕದಲ್ಲಿ ಸೂಟು ಅಂತ ಒಂದಿಷ್ಟು ಮುರಿದು, ರೈತನಿಂದಲೇ ಕಮಿಷನ್ ಹಿಡಿಯೋ ದೂರು ವರ್ಷ ವರ್ಷ ಕೇಳ್ತೀವಿ. ಅಂಥ ಕಡೆ ಕೂಗೋನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಮಗಳು: ಹಾಗಾದರೆ ಒಳಒಪ್ಪಂದ ಕಂಡಾಗ ಒಬ್ಬ ಸರಿಯಾದ ಹರಾಜುಗಾರ ಏನು ಮಾಡಬಹುದು?

ದೊಡ್ಡಪ್ಪ: ನಿಲ್ಲಿಸಬಹುದು. ಈ ಲಾಟ್‌ಗೆ ಬೆಲೆ ಬಂದಿಲ್ಲ, ಕೊನೆಗೆ ಮತ್ತೆ ಕೂಗ್ತೀನಿ ಅಂತ ಪಕ್ಕಕ್ಕೆ ಇಡಬಹುದು. ಅಂಗಳಕ್ಕೆ ಹೊಸ ವ್ಯಾಪಾರಿ ಬಂದರೆ ಅವನಿಗೆ ಮುಂದೆ ಜಾಗ ಮಾಡಿಕೊಡಬಹುದು. ಪಕ್ಕದ ಮಾರುಕಟ್ಟೆಯ ಬೆಲೆಯನ್ನು ಎಲ್ಲರಿಗೂ ಕೇಳೋ ಹಾಗೆ ಮೊದಲೇ ಹೇಳಬಹುದು. ರೈತನ ಕಿವಿಗೆ ಆ ಬೆಲೆ ಬಿದ್ದರೆ ಅವನಿಗೆ ಇಲ್ಲ ಅನ್ನೋ ಧೈರ್ಯ ಬರುತ್ತೆ. ಹರಾಜು ನಡೆಸೋನ ಕೈಯಲ್ಲಿ ಅಧಿಕಾರ ಅಂತ ಇರೋದು ಇಷ್ಟೇ, ಆದರೆ ಇಷ್ಟೂ ಸಣ್ಣದಲ್ಲ.

ಮಗಳು: ಇಲ್ಲ ಅನ್ನೋ ಧೈರ್ಯದ ಮಾತು ಎತ್ತಿದಿರಿ, ನಮ್ಮ ಕಷ್ಟ ಅಲ್ಲೇ ಇರೋದು. ಹುಳು ಹಣ್ಣಾಗಿ ಚಂದ್ರಿಕೆ ತಟ್ಟೆ ಹತ್ತಿ ಗೂಡು ಕಟ್ಟಿದ ಮೇಲೆ ನಮಗೆ ಸಿಗೋದು ಕೆಲವೇ ದಿನ. ತಡ ಮಾಡಿದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತೆ, ಆಮೇಲೆ ಅದರಿಂದ ಉದ್ದನೆಯ ನೂಲು ತೆಗೆಯೋಕೆ ಆಗಲ್ಲ. ಅಷ್ಟರೊಳಗೆ ದಿನದಿಂದ ದಿನಕ್ಕೆ ಗೂಡಿನ ತೂಕವೂ ಇಳಿಯುತ್ತೆ. ಬಾಡಿಗೆ ಟೆಂಪೋ ಮಾಡಿಕೊಂಡು ಮಾರುಕಟ್ಟೆಗೆ ಹೋದವಳು ಬೆಲೆ ಸಾಲದು ಅಂತ ವಾಪಸ್ ತರೋಕಾಗುತ್ತಾ? ಕಾಗದದ ಮೇಲೆ ನಿರಾಕರಿಸೋ ಹಕ್ಕು ಇದೆ. ಚೀಲದಲ್ಲಿರೋ ಗೂಡು ಆ ಹಕ್ಕಿಗೆ ಕಾಯಲ್ಲ.

ದೊಡ್ಡಪ್ಪ: ಬೆಳೆ ಬೆಳೆಗೂ ಹರಾಜಿನ ಗುಣ ಬದಲಾಗೋದು ಅದಕ್ಕೇ. ರಾಗಿ ಬೆಳೆದೋನು ಮನೆಯಲ್ಲಿಟ್ಟು ಕಾಯಬಹುದು. ಟೊಮೆಟೊ, ಬಾಳೆ, ಗೂಡು ಕಾಯಲ್ಲ. ಕಾಯಲಾಗದ ಮಾಲಿಗೆ ಕೊಳ್ಳೋರ ಸಂಖ್ಯೆ ಹೆಚ್ಚಾಗಬೇಕು, ಅವರಲ್ಲಿ ಒಬ್ಬನಾದರೂ ಒಳಒಪ್ಪಂದಕ್ಕೆ ಸೇರದ ದೊಡ್ಡ ಗಿರಾಕಿ ಇರಬೇಕು. ನಿಮ್ಮ ತಿ. ನರಸೀಪುರದಲ್ಲೇ ನೋಡು, ಕರ್ನಾಟಕ ರೇಷ್ಮೆ ಕೈಗಾರಿಕಾ ನಿಗಮದ ನೂಲು ತೆಗೆಯೋ ಕಾರ್ಖಾನೆ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆಗೆ ಇಂಥ ಕಾರ್ಖಾನೆಯಿಂದಲೇ ನೂಲು. ಆ ನಿಗಮದವರು ಮಾರುಕಟ್ಟೆಗೆ ಬಂದು ಒಳ್ಳೆ ದ್ವಿತಳಿ ಗೂಡಿಗೆ ಬೆಲೆ ಹಾಕಿದರೆ ಖಾಸಗಿ ರೀಲರುಗಳೂ ಮೇಲಕ್ಕೆ ಬರಲೇಬೇಕು. ಸರ್ಕಾರಿ ಕೊಳ್ಳುಗ ಕೊಂಡ ಮಾಲು ಸ್ವಲ್ಪವೇ ಇರಬಹುದು, ಆದರೆ ಅವನು ಅಲ್ಲಿ ನಿಂತಿದ್ದರಿಂದ ಎಲ್ಲರ ಮಾಲಿಗೂ ಬೆಲೆ ಬರುತ್ತೆ.

ಮಗಳು: ಗೂಡಿನ ಗುಣಮಟ್ಟ ಅಳೆಯೋದೂ ಹಾಗೇ ಅಲ್ಲವಾ? ರೀಲರ್ ಒಂದು ಹಿಡಿ ಗೂಡು ಎತ್ತಿ ಕಿವಿ ಹತ್ತಿರ ಅಲ್ಲಾಡಿಸ್ತಾನೆ, ಒತ್ತಿ ನೋಡ್ತಾನೆ, ಜೋಡಿ ಗೂಡು ಎಷ್ಟಿದೆ ಅಂತ ಕೈಯಾಡಿಸ್ತಾನೆ. ಒಂದು ಕೆಜಿ ನೂಲಿಗೆ ಎಷ್ಟು ಕೆಜಿ ಗೂಡು ಬೇಕು ಅನ್ನೋದು ಅವನಿಗೆ ಕೈಯಲ್ಲೇ ತಿಳಿಯುತ್ತೆ. ಒಳ್ಳೆ ದ್ವಿತಳಿಗೆ ಆರೂವರೆ ಕೆಜಿ ಆಸುಪಾಸು ಸಾಕು, ಮಿಶ್ರತಳಿಗೆ ಅದಕ್ಕಿಂತ ಹೆಚ್ಚು ಬೇಕು. ಈ ಲೆಕ್ಕ ಕೊಳ್ಳೋನಿಗೆ ಗೊತ್ತು. ತಿಂಗಳಿಡೀ ಸೊಪ್ಪು ಹಾಕಿದ ನನಗೆ ನನ್ನ ಗೂಡಿನ ಲೆಕ್ಕ ಗೊತ್ತಿರಲ್ಲ.

ದೊಡ್ಡಪ್ಪ: ಮಾಲಿನ ಬಗ್ಗೆ ಕೊಳ್ಳೋನಿಗೆ ಗೊತ್ತಿದ್ದು ಮಾರೋಳಿಗೆ ಗೊತ್ತಿಲ್ಲದ ಕಡೆ ಹರಾಜು ಕುಂಟುತ್ತೆ. 2020ರಲ್ಲಿ ಪಾಲ್ ಮಿಲ್‌ಗ್ರಾಮ್, ರಾಬರ್ಟ್ ವಿಲ್ಸನ್ ಅನ್ನೋ ಇಬ್ಬರಿಗೆ ಹರಾಜಿನ ಸಿದ್ಧಾಂತಕ್ಕಾಗಿ ಅರ್ಥಶಾಸ್ತ್ರದ ನೊಬೆಲ್ ಬಂತಲ್ಲ, ಅವರ ಕೆಲಸದಲ್ಲಿ ಒಂದು ಅಂಶ ನಮ್ಮ ಅಂಗಳಕ್ಕೂ ಸಲ್ಲುತ್ತೆ. ಮಾಲಿನ ಬಗ್ಗೆ ನಿಜವಾದ ಮಾಹಿತಿ ಎಲ್ಲರ ಮುಂದೆ ಬಂದಷ್ಟೂ ಕೊಳ್ಳೋರ ಹೆದರಿಕೆ ಕಡಿಮೆಯಾಗುತ್ತೆ, ಬೆಲೆ ಸಾಮಾನ್ಯವಾಗಿ ಮೇಲಕ್ಕೆ ಹೋಗುತ್ತೆ. ಹೆಚ್ಚು ಕೊಟ್ಟು ಕೆಡ್ತೀನೇನೋ ಅನ್ನೋ ಅಳುಕೇ ಎಷ್ಟೋ ಸಲ ಸವಾಲನ್ನು ಕಟ್ಟಿಹಾಕೋದು.

ಮಗಳು: ನಮ್ಮ ಜಿಲ್ಲೆಯಲ್ಲೇ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪಿನ ಹರಾಜು ನಡೆಯುತ್ತಲ್ಲ, ಅಲ್ಲಿ ಹೇಗೆ?

ದೊಡ್ಡಪ್ಪ: ಹೊಗೆಸೊಪ್ಪು ಬೆಳೆಯಬೇಕೋ ಬೇಡವೋ ಅನ್ನೋ ಚರ್ಚೆ ಬೇರೆ. ಮಾರೋ ಕ್ರಮದಿಂದ ಮಾತ್ರ ಕಲಿಯೋದಿದೆ. ಮೊದಲು ಕಂಪನಿ, ವ್ಯಾಪಾರಿಗಳು ತಾವೇ ಕೊಳ್ತಿದ್ದರು, ದರ್ಜೆಯೂ ಅವರದೇ, ಬೆಲೆಯೂ ಅವರದೇ. 1975ರ ಕಾಯ್ದೆಯಿಂದ ತಂಬಾಕು ಮಂಡಳಿ ಬಂತು. 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ಶುರುವಾಯ್ತು, ಮರುವರ್ಷ ಆಂಧ್ರದಲ್ಲಿ. ಬೇಲುಗಳನ್ನು ಸಾಲಾಗಿ ಇಡ್ತಾರೆ, ಒಂದೊಂದಕ್ಕೂ ದರ್ಜೆ, ತೂಕ ಬರೆದಿರುತ್ತೆ, ಹರಾಜು ನಡೆಸೋದು ಮಂಡಳಿಯ ಸಿಬ್ಬಂದಿ. ಈಗ ಅಲ್ಲೂ ವಿದ್ಯುನ್ಮಾನ ಹರಾಜೇ. ಬೆಲೆ ಬಿದ್ದ ವರ್ಷ ರೈತರು ಹರಾಜು ನಿಲ್ಲಿಸಿ ಪ್ರತಿಭಟನೆಗೆ ಕೂರ್ತಾರೆ. ಹಾಗೆ ಕೂರೋಕೆ ಒಂದು ಅಂಗಳ ಇದೆ, ಕೇಳೋಕೆ ಒಬ್ಬ ಅಧಿಕಾರಿ ಇದ್ದಾನೆ. ಬೆಲೆ ಸಿಗದಿದ್ದಾಗ ಎಲ್ಲಿ ನಿಂತು ಕೇಳಬೇಕು ಅನ್ನೋದೂ ಮಾರುಕಟ್ಟೆಯ ಒಂದು ಭಾಗವೇ.

ಮಗಳು: ಸರಿ, ಆದರೆ ಯಂತ್ರದ ಪರವಾಗಿ ನನ್ನ ಹತ್ತಿರ ಅಂಕಿ ಇದೆ. ನಮ್ಮ ರಾಜ್ಯ 2014ರಲ್ಲಿ ಎಪಿಎಂಸಿಗಳನ್ನು ಸೇರಿಸಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರು ಮಾಡಿತು. ಕೇಂದ್ರದ ಇಂಥದ್ದೇ ವೇದಿಕೆ ಇ-ನಾಮ್ ಬಂದದ್ದು ಅದಾದ ಮೇಲೆ, 2016ರ ಏಪ್ರಿಲ್ 14ರಂದು. ಅಮೆರಿಕದ ಎಂಐಟಿ ಸಂಶೋಧಕರೂ ಇದ್ದ ತಂಡವೊಂದು ಕರ್ನಾಟಕದ ಬೆಲೆಗಳನ್ನು ನೋಡಿ 2020ರಲ್ಲಿ ಅಧ್ಯಯನ ಪ್ರಕಟಿಸಿತು. ಭತ್ತಕ್ಕೆ ಶೇ. 5.1, ನೆಲಗಡಲೆಗೆ ಶೇ. 3.6, ಮೆಕ್ಕೆಜೋಳಕ್ಕೆ ಶೇ. 3.5ರಷ್ಟು ಬೆಲೆ ಏರಿತ್ತು ಅಂತ ಅವರ ಲೆಕ್ಕ. ಊರಾಚೆಯ ವ್ಯಾಪಾರಿಯೂ ಬೆಲೆ ಹಾಕಬಹುದು, ಪಕ್ಕದವನು ಎಷ್ಟು ಹಾಕಿದ ಅಂತ ಕಾಣಲ್ಲ. ಟೀ ಅಂಗಡಿ ಒಪ್ಪಂದ ಅಲ್ಲಿ ಅಷ್ಟು ಸುಲಭವಲ್ಲ.

ದೊಡ್ಡಪ್ಪ: ನೂರಕ್ಕೆ ಐದು ರೂಪಾಯಿ ರೈತನಿಗೆ ಸಣ್ಣ ಮೊತ್ತವಲ್ಲ, ನಾನು ಅದನ್ನು ಸ್ವಾಗತಿಸ್ತೀನಿ. ಆ ಅಧ್ಯಯನದಲ್ಲೇ ಇನ್ನೊಂದು ಮಾತಿದೆ: ಗುಣಮಟ್ಟ ಹೆಚ್ಚಿದ್ದ ಮಾಲಿಗೆ ಲಾಭ ಹೆಚ್ಚು. ಹಾಗಾದರೆ ಗುಣಮಟ್ಟ ಇಷ್ಟು ಅಂತ ಬರೆಯೋರು ಯಾರು? ದೂರದಲ್ಲಿ ಕೂತು ಬೆಲೆ ಹಾಕೋನು ನಿನ್ನ ಭತ್ತವನ್ನು ಹಲ್ಲಲ್ಲಿ ಕಚ್ಚಿ ನೋಡಲಾರ. ತೇವ ಅಳೆಯೋನು, ಮಾದರಿ ತೆಗೆಯೋನು, ದರ್ಜೆ ಬರೆಯೋನು ನಂಬಿಕಸ್ತನಾಗಿರಬೇಕು. ಹಿಂದೆ ಹರಾಜು ಕೂಗೋನ ಮೇಲಿದ್ದ ನಂಬಿಕೆಯ ಭಾರ ಈಗ ಅವನ ಮೇಲೆ ಬಂದಿದೆ. ಯಂತ್ರ ಬಂದು ನಂಬಿಕೆ ಬೇಡವಾಗಲಿಲ್ಲ, ಅದು ಇರಬೇಕಾದ ಜಾಗ ಬದಲಾಯ್ತು ಅಷ್ಟೆ.

ಮಗಳು: ಮಾರುಕಟ್ಟೆ ಬಿಟ್ಟು ಊರಿನ ಒಳಗಿನ ಸವಾಲಿಗೆ ಬರೋಣ. ಊರ ಹುಣಸೇಮರದ ಫಸಲು, ಕೆರೆಯ ಮೀನು, ಸಂತೆ ಸುಂಕ, ಗಣೇಶನ ಮುಂದಿಟ್ಟ ತೆಂಗಿನಕಾಯಿ, ಎಲ್ಲಕ್ಕೂ ಸವಾಲು. ನಂಜನಗೂಡಿನ ಥರದ ಮುಜರಾಯಿ ದೇವಸ್ಥಾನಗಳಲ್ಲಿ ಮುಡಿ ಕೂದಲು, ಅಂಗಡಿ ಮಳಿಗೆ ಅಂತ ಹರಾಜು ಇಲ್ಲವೇ ಟೆಂಡರ್ ನಡೆದೇ ನಡೆಯುತ್ತೆ. ಅಲ್ಲಿಯ ಹರಾಜಿಗೂ ಗೂಡಿನ ಹರಾಜಿಗೂ ಏನು ವ್ಯತ್ಯಾಸ?

ದೊಡ್ಡಪ್ಪ: ಬಹಳ ವ್ಯತ್ಯಾಸ ಇದೆ. ಗೂಡು ನಿನ್ನದು, ಹುಣಸೇಮರ ಊರಿನದು. ಊರಿನ ಆಸ್ತಿಯನ್ನು ಒಬ್ಬನಿಗೆ ಒಂದು ವರ್ಷಕ್ಕೆ ಬಿಟ್ಟುಕೊಡೋವಾಗ ಯಾರಿಗೂ ಪಕ್ಷಪಾತ ಅನ್ನಿಸಬಾರದು. ಹಿಂದಿನ ದಿನವೇ ಡಂಗೂರ ಸಾರಿಸಿ, ಎಲ್ಲ ಕೇರಿಯವರೂ ಬಂದು ನಿಲ್ಲೋ ಜಾಗದಲ್ಲಿ ಕೂಗಿದರೆ ಮುಂದೆ ಜಗಳಕ್ಕೆ ದಾರಿ ಇರಲ್ಲ. ದುಡ್ಡು ಊರಿನ ಶಾಲೆ ಗೋಡೆಗೋ ದೇವಸ್ಥಾನದ ಸುಣ್ಣಕ್ಕೋ ಹೋಗುತ್ತೆ ಅಂತ ಎಲ್ಲರಿಗೂ ತಿಳಿದಿರುತ್ತೆ. ಗಣೇಶನ ಕಾಯಿಯನ್ನು ಸಾವಿರಾರು ರೂಪಾಯಿಗೆ ಕೂಗಿದೋನು ಕಾಯಿ ಕೊಳ್ಳಲಿಲ್ಲ, ಊರಿಗೆ ಕಾಣಿಕೆ ಕೊಟ್ಟ. ಅಲ್ಲಿ ಹರಾಜು ಕೂಗೋನು ಒಬ್ಬನ ಹುಮ್ಮಸ್ಸು ಅವನ ಶಕ್ತಿ ಮೀರದ ಹಾಗೆ ನೋಡಿಕೊಳ್ಳಬೇಕು. ಎರಡು ಮನೆಯವರು ಹಳೇ ಹಗೆಗೆ ಬಿದ್ದು ಬೆಲೆ ಏರಿಸ್ತಿದ್ದರೆ ಅದನ್ನು ಕಂಡು ಸವಾಲು ಮುಗಿಸೋ ಜಾಣ್ಮೆ ಬೇಕು. ದುಡ್ಡು ಜಾಸ್ತಿ ಬಂದರೂ ಊರು ಒಡೆದರೆ ನಷ್ಟವೇ.

ಮಗಳು: ಚೀಟಿ ಹರಾಜು ಇದಕ್ಕೆ ತಿರುಗುಮುರುಗು. ನಮ್ಮ ಹೆಂಗಸರ ಗುಂಪಿನಲ್ಲಿ ಯಾರಿಗೆ ದುಡ್ಡು ತೀರಾ ಅವಸರವೋ ಅವರೇ ಹೆಚ್ಚು ಬಿಟ್ಟು ಕೂಗ್ತಾರೆ. ಆಸ್ಪತ್ರೆ ಖರ್ಚಿಗೆ ಅಂತ ಬಂದವಳು ಎಲ್ಲರಿಗಿಂತ ಹೆಚ್ಚು ಕಳಕೊಂಡು ಹೋಗ್ತಾಳೆ, ಅವಸರ ಇಲ್ಲದವಳಿಗೆ ಅದು ಲಾಭವಾಗಿ ಹಂಚಿಹೋಗುತ್ತೆ.

ದೊಡ್ಡಪ್ಪ: ನೋಂದಾಯಿತ ಚೀಟಿಗೆ 1982ರ ಕಾಯ್ದೆ ಇದೆ, ಚೀಟಿ ನಡೆಸೋನ ಕಮಿಷನ್ನಿಗೂ ಮಿತಿ ಇದೆ. ಊರ ಚೀಟಿಗೆ ಕಾಯ್ದೆಗಿಂತ ನಡೆಸೋರ ಮನಸ್ಸೇ ಮುಖ್ಯ. ಬಾಣಂತಿಯೋ ಕಾಯಿಲೆಯವರೋ ಇದ್ದಾಗ ಈ ತಿಂಗಳು ಸವಾಲು ಬೇಡ, ಅವರಿಗೇ ಕೊಡೋಣ ಅಂತ ಒಪ್ಪಿಸಿದ ಗಟ್ಟಿಗಿತ್ತಿಯರನ್ನು ನಾನು ಕಂಡಿದ್ದೀನಿ. ಯಾವಾಗ ಕೂಗಬಾರದು ಅನ್ನೋದೂ ಈ ಕೆಲಸದ ಒಂದು ವಿದ್ಯೆ. 2020ರ ಗ್ರಾಮ ಪಂಚಾಯಿತಿ ಚುನಾವಣೆ ವೇಳೆ ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿ ಬಂತು, ಚುನಾವಣಾ ಆಯೋಗ ಎಚ್ಚರಿಕೆ ಕೊಡಬೇಕಾಯ್ತು. ದೇವಸ್ಥಾನ ಕಟ್ಟಿಸೋಕೆ ದುಡ್ಡು ಬರುತ್ತೆ ಅಂದುಕೊಂಡವರು ಬಡವನ ಓಟನ್ನು ಮಾರಿದರು. ಹುಣಸೇಹಣ್ಣಿಗೆ ಸವಾಲು ಸರಿ. ಮತಕ್ಕೆ ಸವಾಲು ಇಲ್ಲ.

ಮಗಳು: ಇಷ್ಟೆಲ್ಲ ಮಾತಾಡಿದ್ವಿ, ಆದರೆ ನಮ್ಮ ಎರಡೂ ತಾಲ್ಲೂಕುಗಳಲ್ಲಿ ಹೆಚ್ಚಿನ ಬೆಳೆಗೆ ಹರಾಜೇ ಇಲ್ಲವಲ್ಲ ದೊಡ್ಡಪ್ಪ. ಕಬಿನಿ, ಕಾವೇರಿ ನಾಲೆ ಕೆಳಗೆ ಬೆಳೆದ ಭತ್ತವನ್ನು ಗದ್ದೆ ಬಯಲಲ್ಲೇ ದಲ್ಲಾಳಿ ಲಾರಿಗೆ ತುಂಬಿಕೊಂಡು ಹೋಗ್ತಾನೆ. ನಂಜನಗೂಡು ರಸಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೆ ಪನಾಮ ಸೊರಗು ರೋಗಕ್ಕೆ ತೋಟಗಳು ಹೋಗಿ, ಉಳಿದವರ ಗೊನೆ ತೋಟದಲ್ಲೇ ಮಾತಾಡಿ ಮುಗಿಯುತ್ತೆ. ಅಂಥ ಅಪರೂಪದ ಹಣ್ಣಿಗೆ ನಾಲ್ಕು ಜನ ಕೊಳ್ಳೋರು ಎದುರುಬದುರು ನಿಂತದ್ದನ್ನು ನಾನು ಕಂಡಿಲ್ಲ. ಬನ್ನೂರು ಕುರಿಗೂ ಅಷ್ಟೆ, ಸಂತೆಯಲ್ಲಿ ಒಬ್ಬನಿಗೆ ಒಬ್ಬ.

ದೊಡ್ಡಪ್ಪ: ನೀನು ಈಗ ಹೇಳಿದ್ದೇ ನಮ್ಮ ಹಳ್ಳಿಗಳ ದೊಡ್ಡ ಕೊರತೆ. ಕೂಗು ಹೋಗಿ ಪರದೆ ಬಂತು ಅಂತ ನನಗೆ ದುಃಖ ಇಲ್ಲ. ರೈತ ಒಬ್ಬನೇ ತನ್ನ ಬದುವಿನ ಮೇಲೆ ನಿಂತು, ಸಾಲ ಕೊಟ್ಟ ದಲ್ಲಾಳಿ ಹೇಳಿದ ಬೆಲೆಗೆ ತಲೆ ಆಡಿಸ್ತಾನಲ್ಲ, ಅದಕ್ಕೆ ನನಗೆ ಸಂಕಟ. ಬಿತ್ತನೆಗೆ ಮುಂಗಡ ಕೊಟ್ಟೋನಿಗೇ ಫಸಲು ಕೊಡಬೇಕು ಅನ್ನೋ ಕಟ್ಟು ಇದ್ದರೆ ಯಾವ ಹರಾಜೂ ಉಪಯೋಗಕ್ಕೆ ಬರಲ್ಲ. ಸೊಸೈಟಿ ಸಾಲ ಸಕಾಲಕ್ಕೆ ಸಿಕ್ಕಿದಾಗ, ಗೋದಾಮಿನ ರಸೀದಿ ಮೇಲೆ ಬ್ಯಾಂಕು ದುಡ್ಡು ಕೊಟ್ಟಾಗ ರೈತನಿಗೆ ಕಾಯೋ ಶಕ್ತಿ ಬರುತ್ತೆ. ಕಾಯೋ ಶಕ್ತಿ ಇದ್ದೋನಿಗೆ ಮಾತ್ರ ಹರಾಜು ನಿಜವಾದ ಹರಾಜು.

ಮಗಳು: ಹಾಗಾದರೆ ಸಣ್ಣ ಸಣ್ಣ ರಾಶಿಗಳನ್ನು ಒಟ್ಟು ಮಾಡಬೇಕು. ಒಬ್ಬಳ ಹತ್ತು ಗೊನೆಗೆ ದೂರದ ವ್ಯಾಪಾರಿ ಬರಲ್ಲ, ಐವತ್ತು ಮನೆಯ ಗೊನೆ ಒಂದೇ ದಿನ ಒಂದೇ ಕಡೆ ಬಂದರೆ ಬರ್ತಾನೆ. ನಮ್ಮ ಕಡೆ ರೈತ ಉತ್ಪಾದಕರ ಕಂಪನಿ ಕಟ್ಟೋ ಮಾತು ನಡೀತಿದೆ. ಹೋಬಳಿಗೆ ಒಂದು ಕಡೆ, ವಾರಕ್ಕೆ ಒಂದು ದಿನ, ದರ್ಜೆ ಮಾಡಿ ತೂಗಿ ಎಲ್ಲರ ಮುಂದೆ ಸವಾಲು. ಪರದೆ ಇರಲಿ, ಕೂಗೂ ಇರಲಿ.

ದೊಡ್ಡಪ್ಪ: ಹಾಗೆ ಕಟ್ಟೋದಾದರೆ ಮೂರು ಕಟ್ಟುಪಾಡು ಇಟ್ಟುಕೊಳ್ಳಿ. ಹರಾಜು ನಡೆಸೋನಿಗೆ ಸಂಬಳ ಕೊಡೋದು ಬೆಳೆಗಾರರ ಸಂಸ್ಥೆ ಅಥವಾ ಸರ್ಕಾರ ಆಗಿರಲಿ, ಕೊಳ್ಳೋನ ದುಡ್ಡಿನಿಂದ ಅವನ ಒಲೆ ಉರಿಯಬಾರದು. ಪ್ರತಿ ಲಾಟ್‌ನ ದರ್ಜೆ, ತೂಕ, ಬೆಲೆ ಅವತ್ತೇ ಬೋರ್ಡಿನ ಮೇಲೆ ಬರಲಿ, ಮಾರದವನೂ ಓದಲಿ. ಬೆಲೆ ಬರದಿದ್ದರೆ ನಿಲ್ಲಿಸೋ ಅಧಿಕಾರ ಅಂಗಳದಲ್ಲಿ ನಿಂತ ಒಬ್ಬ ಮನುಷ್ಯನಿಗೆ ಇರಲಿ, ಯಾಕೆ ನಿಲ್ಲಿಸಿದೆ, ಯಾಕೆ ನಿಲ್ಲಿಸಲಿಲ್ಲ ಅನ್ನೋದಕ್ಕೆ ಅವನು ಉತ್ತರ ಕೊಡಲಿ. ಪರದೆಯನ್ನು ಹಾಗೆ ಕೇಳೋಕಾಗಲ್ಲ.

ಮಗಳು: ನಾಲ್ಕನೆಯದನ್ನು ನಾನು ಸೇರಿಸ್ತೀನಿ. ರಾತ್ರಿ ಎದ್ದು ಹುಳುವಿಗೆ ಸೊಪ್ಪು ಹಾಕೋರು ಹೆಂಗಸರು, ಪೊರೆ ಬಿಡೋಕೆ ಜ್ವರಕ್ಕೆ ಕೂತ ಹುಳು ಕಾಯೋರು ಹೆಂಗಸರು, ಚಂದ್ರಿಕೆಯಿಂದ ಗೂಡು ಬಿಡಿಸೋರು ಹೆಂಗಸರು. ಮಾರುಕಟ್ಟೆ ಅಂಗಳದಲ್ಲಿ ಮಾತ್ರ ನಾವು ಕಾಣಲ್ಲ. ಹರಾಜು ನಡೆಸೋ ಜಾಗದಲ್ಲಿ ಹೆಂಗಸರು ಕೂರೋಕೆ ನೆರಳು, ಶೌಚಾಲಯ ಇರಬೇಕು. ದುಡ್ಡು ಬೆಳೆದವಳ ಹೆಸರಿನ ಖಾತೆಗೆ ಬರಬೇಕು. ಕೂಗೋ ಕೆಲಸವನ್ನೂ ನಮ್ಮ ಹುಡುಗಿಯರಿಗೆ ಕಲಿಸಬೇಕು. ಒಪ್ಪಿಗೆಯಾ ಅಂತ ಕೇಳೋವಾಗ, ಆ ಪ್ರಶ್ನೆ ಬೆಳೆದವರ ಮುಖ ನೋಡಿಯೇ ಕೇಳಬೇಕು ದೊಡ್ಡಪ್ಪ. ಹೂಂ ಅನ್ನೋದೋ ಊಹೂಂ ಅನ್ನೋದೋ ನಾವು ಹೇಳ್ತೀವಿ.